ಯಾರೋ ಎತ್ತಿದ ಚೀಟಿ

ನನ್ನ ತರಗತಿ ಶುರುವಾಗುವುದು ಮನೆಯವರೆಲ್ಲ ಮಲಗಿದ ಮೇಲೆ. ಬ್ರಿಟನ್ನಿನಲ್ಲಿ ಸಂಜೆ ಆರು ಗಂಟೆ ಎಂದರೆ ಬೆಂಗಳೂರಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಊಟದ ಮೇಜನ್ನು ಒರೆಸಿ, ಲ್ಯಾಪ್‌ಟಾಪ್ ಇಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ನಾನು ಮತ್ತೆ ವಿದ್ಯಾರ್ಥಿನಿ. ಪರದೆಯ ಮೇಲೆ ಚೌಕ ಚೌಕವಾಗಿ ಸಹಪಾಠಿಗಳ ಮುಖ: ನೈಜೀರಿಯಾದ ಒಬ್ಬ ನರ್ಸ್, ಮನಿಲಾದ ಒಬ್ಬ ಔಷಧಿಕಾರ, ಸ್ಕಾಟ್ಲೆಂಡಿನ ಒಬ್ಬ ವೈದ್ಯೆ. ನನ್ನ ಬೆನ್ನ ಹಿಂದೆ ನಾಳೆಯ ದೋಸೆಹಿಟ್ಟಿನ ಪಾತ್ರೆ ಕಾಣದಂತೆ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿಕೊಳ್ಳುತ್ತೇನೆ.

ನಾನು ಓದುತ್ತಿರುವುದು ಔಷಧಿಗಳ ಕ್ಲಿನಿಕಲ್ ಅಭಿವೃದ್ಧಿಯ ಬಗೆಗಿನ ಸ್ನಾತಕೋತ್ತರ ಪದವಿ. ಪ್ರಯೋಗಾಲಯದಲ್ಲಿ ಹುಟ್ಟಿದ ಒಂದು ರಾಸಾಯನಿಕ ಔಷಧಿ ಅಂಗಡಿಯ ಕಪಾಟಿಗೆ ಬರುವವರೆಗಿನ ದಾರಿ ಅದರ ವಿಷಯ. ಪ್ರಾಣಿಗಳ ಮೇಲಿನ ಪರೀಕ್ಷೆ ಮುಗಿದ ಮೇಲೆ ಮೊದಲ ಹಂತದಲ್ಲಿ ಕೆಲವೇ ಹತ್ತಾರು ಜನರಿಗೆ, ಹೆಚ್ಚಾಗಿ ಆರೋಗ್ಯವಂತರಿಗೆ, ಕೊಟ್ಟು ದೇಹ ಎಷ್ಟನ್ನು ತಾಳುತ್ತದೆ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಕೆಲವು ನೂರು ರೋಗಿಗಳು. ಮೂರನೆಯದರಲ್ಲಿ ನೂರಾರು, ಸಾವಿರಾರು ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ ನೋಡುವುದು. ಬಿ.ಫಾರ್ಮ ಮುಗಿಸಿ ಹದಿನಾಲ್ಕು ವರ್ಷದಿಂದ ಈ ದಾರಿಯ ಬದಿಯಲ್ಲೇ ಕೆಲಸ ಮಾಡುತ್ತಿದ್ದೇನೆ. ಪ್ರಯೋಗಕ್ಕೆ ಸೇರುವ ರೋಗಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರದ ಕನ್ನಡ ಅನುವಾದವನ್ನು ಇಂಗ್ಲಿಷಿನ ಜೊತೆ ಸಾಲುಸಾಲಾಗಿ ತಾಳೆ ನೋಡುವುದು ನನ್ನ ಉದ್ಯೋಗದ ಒಂದು ಭಾಗ. ಬಡ್ತಿಗೆ ಪದವಿ ಬೇಕಿತ್ತು. ನಿಜ ಹೇಳಬೇಕೆಂದರೆ ಸೇರಿದ್ದು ಅಷ್ಟಕ್ಕೇ.

ಮೊದಲ ಪಾಠಗಳೇ ಚರಿತ್ರೆಯವು. ಇದನ್ನು ಬೇಗ ಮುಗಿಸಿ ಸಂಖ್ಯಾಶಾಸ್ತ್ರಕ್ಕೆ ಹೋಗೋಣ ಎಂದುಕೊಂಡಿದ್ದವಳು ನಾನು. ಆದರೆ ಐದನೇ ವಾರದಲ್ಲಿ ಆ ಚರಿತ್ರೆ ನೇರವಾಗಿ ನಮ್ಮ ಅಜ್ಜಿಯ ಮನೆಯ ಜಗಲಿಗೆ ಬಂದು ಕೂತಿತು. ಅದನ್ನು ಹೇಳುವುದಕ್ಕೆ ಮೊದಲಿನಿಂದ ಬರಬೇಕು.

ಎಲ್ಲರೂ ಆರಂಭಿಸುವುದು ಜೇಮ್ಸ್ ಲಿಂಡ್‌ನಿಂದ. 1747ರ ಮೇ 20ರಂದು ಈ ಸ್ಕಾಟಿಷ್ ನೌಕಾವೈದ್ಯ ‘ಸಾಲಿಸ್‌ಬರಿ’ ಎಂಬ ಹಡಗಿನಲ್ಲಿ ಸ್ಕರ್ವಿ ರೋಗ ತಗುಲಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ಸೇಬಿನ ಮದ್ಯ, ಇನ್ನೊಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ, ಮತ್ತೊಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಮಸಾಲೆಯ ಲೇಹ್ಯ. ಕೊನೆಯ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಹಣ್ಣು ತಿಂದವರು ವಾರದೊಳಗೆ ಎದ್ದು ಓಡಾಡಿದರು. ಜಗತ್ತು ಇವತ್ತಿಗೂ ಮೇ 20ನ್ನು ಕ್ಲಿನಿಕಲ್ ಪ್ರಯೋಗಗಳ ದಿನವೆಂದು ಆಚರಿಸುತ್ತದೆ. ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡಲು ಶುರುಮಾಡಿದ್ದು ಮಾತ್ರ 1795ರಲ್ಲಿ. ಉತ್ತರ ಸಿಕ್ಕಿದ್ದಕ್ಕೂ ಅದು ನಾವಿಕನ ಬಾಯಿಗೆ ಬಿದ್ದದ್ದಕ್ಕೂ ನಡುವೆ 48 ವರ್ಷ.

ಸಮುದ್ರದ ನೀರು ಕುಡಿದ ಆ ಇಬ್ಬರ ಬಗ್ಗೆ ನಾನು ತರಗತಿಯಲ್ಲಿ ಕೇಳಿದೆ. ಅವರನ್ನು ಯಾರಾದರೂ ಕೇಳಿದ್ದರೇ? ಪ್ರಾಧ್ಯಾಪಕರು ನಕ್ಕು, ಆ ಪ್ರಶ್ನೆಯನ್ನು ಇಟ್ಟುಕೊಂಡಿರಿ, ಇಡೀ ವರ್ಷ ಬೇಕಾಗುತ್ತದೆ ಎಂದರು.

ಮೂರನೆಯ ವಾರ 1937ರ ಅಮೆರಿಕ. ಸಲ್ಫಾನಿಲಮೈಡ್ ಎಂಬ ಔಷಧಿ ಆಗ ಹೊಸದು, ಗಂಟಲುಬೇನೆಯಂಥ ಸೋಂಕುಗಳಿಗೆ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪನಿ ಮಕ್ಕಳೂ ಕುಡಿಯುವಂತೆ ಅದನ್ನು ಸಿಹಿಯಾದ ದ್ರಾವಣ ಮಾಡಲು ಹೊರಟಿತು. ಪುಡಿಯನ್ನು ಕರಗಿಸಲು ಅದರ ರಸಾಯನಶಾಸ್ತ್ರಜ್ಞನಿಗೆ ಸಿಕ್ಕಿದ್ದು ಡೈಎಥಿಲೀನ್ ಗ್ಲೈಕಾಲ್. ಬಣ್ಣ, ರುಚಿ, ವಾಸನೆ ಎಲ್ಲವನ್ನೂ ಪರೀಕ್ಷಿಸಿದರು, ವಿಷವೇ ಎಂದು ಮಾತ್ರ ನೋಡಲಿಲ್ಲ. ನೋಡಬೇಕೆಂದು ಕಾನೂನೂ ಹೇಳುತ್ತಿರಲಿಲ್ಲ. ನೂರಕ್ಕೂ ಹೆಚ್ಚು ಜನ ಮೂತ್ರಪಿಂಡ ಸೋತು ಸತ್ತರು, ಅವರಲ್ಲಿ ಮಕ್ಕಳು ಬಹಳ. ಸರ್ಕಾರ ಬಾಟಲಿಗಳನ್ನು ವಶಪಡಿಸಿಕೊಂಡದ್ದು ‘ಎಲಿಕ್ಸಿರ್’ ಎಂದು ಹೆಸರಿಟ್ಟು ಅದರಲ್ಲಿ ಮದ್ಯಸಾರ ಇಲ್ಲದಿದ್ದ ತಪ್ಪಿಗೆ. ಕೊಂದದ್ದಕ್ಕೆ ಕಲಮು ಇರಲಿಲ್ಲ, ಹೆಸರು ತಪ್ಪಾಗಿ ಬರೆದದ್ದಕ್ಕೆ ಇತ್ತು. ಮರುವರ್ಷ, 1938ರಲ್ಲಿ, ಮಾರುವ ಮೊದಲು ಔಷಧಿ ಸುರಕ್ಷಿತವೆಂದು ತೋರಿಸಬೇಕೆನ್ನುವ ಕಾನೂನು ಬಂತು.

ಇದನ್ನು ಹಳೆಯ ಕಥೆಯೆಂದು ಓದಲು ನನ್ನಿಂದ ಆಗಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಸೋತು ಸತ್ತ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಬಾಟಲಿಯಲ್ಲಿ ಸಿಕ್ಕಿದ್ದು ಅದೇ ಡೈಎಥಿಲೀನ್ ಗ್ಲೈಕಾಲ್. ಪ್ರಯೋಗ ಎಂಬ ಮಾತು ಕೇಳಿದರೇ ಹೆದರುವ ನೆಂಟರಿಗೆ ನಾನು ಈಗ ಹೇಳುವುದಿಷ್ಟು: ಪರೀಕ್ಷೆ ಮಾಡದೆ ಮಾರುವುದೂ ಪ್ರಯೋಗವೇ, ಆದರೆ ಅಲ್ಲಿ ಯಾರೂ ಲೆಕ್ಕ ಬರೆದಿಡುವುದಿಲ್ಲ.

1937ರಲ್ಲಿ ಆ ದ್ರಾವಣದೊಳಗಿನ ವಿಷವನ್ನು ಪತ್ತೆಹಚ್ಚಿದ ಷಿಕಾಗೋ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಓಲ್ಡ್‌ಹ್ಯಾಮ್ ಎಂಬ ವಿದ್ಯಾರ್ಥಿನಿಯೂ ಇದ್ದಳು. ಮುಂದೆ 1960ರಲ್ಲಿ ಆಕೆ, ಮದುವೆಯ ನಂತರದ ಹೆಸರಲ್ಲಿ ಡಾ. ಫ್ರಾನ್ಸಿಸ್ ಕೆಲ್ಸಿ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಗೆ ಸೇರಿದರು. ಸೇರಿದ ಹೊಸತರಲ್ಲೇ ಮೇಜಿಗೆ ಬಂದ ಕಡತ ಥಾಲಿಡೋಮೈಡ್‌ನದು. 1957ರಿಂದ ಜರ್ಮನಿಯಲ್ಲಿ ಮಾರಾಟದಲ್ಲಿದ್ದ, ನಿದ್ದೆಗೂ ಬಸುರಿಯರ ವಾಕರಿಕೆಗೂ ಕೊಡುತ್ತಿದ್ದ ಮಾತ್ರೆ. ಕಂಪನಿ ಮತ್ತೆ ಮತ್ತೆ ಒತ್ತಾಯಿಸಿದರೂ ಸುರಕ್ಷತೆಯ ಪುರಾವೆ ಸಾಲದೆಂದು ಕೆಲ್ಸಿ ಒಪ್ಪಿಗೆ ಕೊಡಲಿಲ್ಲ. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಶಿಶುಗಳು ಕೈಕಾಲು ಬೆಳೆಯದೆ ಹುಟ್ಟಿದ್ದವು.

ಈ ಭಾಗ ಎಲ್ಲರಿಗೂ ಗೊತ್ತು. ನನಗೆ ಗೊತ್ತಿರದಿದ್ದ ಭಾಗ ಇದು: ಅಮೆರಿಕದಲ್ಲಿ ಒಪ್ಪಿಗೆ ಸಿಗದಿದ್ದರೂ ‘ಪರೀಕ್ಷೆಗಾಗಿ’ ಎಂಬ ಹೆಸರಿನಲ್ಲಿ ಕಂಪನಿ ಸಾವಿರಕ್ಕೂ ಹೆಚ್ಚು ವೈದ್ಯರಿಗೆ ಆ ಮಾತ್ರೆ ಹಂಚಿತ್ತು. ನುಂಗಿದ ಎಷ್ಟೋ ಹೆಂಗಸರಿಗೆ ತಾವೊಂದು ಪರೀಕ್ಷೆಯ ಒಳಗಿದ್ದೇವೆ ಎಂಬುದೇ ತಿಳಿದಿರಲಿಲ್ಲ. 1962ರ ಅಕ್ಟೋಬರಿನಲ್ಲಿ ಬಂದ ಹೊಸ ಕಾನೂನು ಔಷಧಿ ಪರಿಣಾಮಕಾರಿ ಎಂದೂ ತೋರಿಸಬೇಕು ಎಂದಿತು. ಪ್ರಯೋಗದ ಔಷಧಿ ಕೊಡುವಾಗ ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬುದನ್ನೂ ಸೇರಿಸಿತು. ನಾನು ದಿನವೂ ಕೆಂಪು ಪೆನ್ನು ಹಿಡಿದು ತಿದ್ದುವ ಕಾಗದದ ಬೇರು ಇಲ್ಲಿದೆ.

ನಾಲ್ಕನೆಯ ವಾರ ಓದಲು ಕೊಟ್ಟದ್ದು 1948ರ ಅಕ್ಟೋಬರ್ 30ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪ್ರಬಂಧ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್. ಯುದ್ಧ ಮುಗಿಸಿ ಬರಿಗೈಯಾಗಿದ್ದ ಬ್ರಿಟನ್ನಿಗೆ ಅಮೆರಿಕದಿಂದ ಈ ಔಷಧಿ ಎಲ್ಲರಿಗೂ ಸಾಲುವಷ್ಟು ತರಿಸುವ ಶಕ್ತಿ ಇರಲಿಲ್ಲ. ಇದ್ದಷ್ಟನ್ನು ಯಾರಿಗೆ ಕೊಡಬೇಕು? ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಯೋಚಿಸಿದ ದಾರಿ ಇದು. ಯಾದೃಚ್ಛಿಕ ಸಂಖ್ಯೆಗಳ ಪ್ರಕಾರ ಮೊದಲೇ ಬರೆದಿಟ್ಟ ಚೀಟಿಗಳು ಮುಚ್ಚಿದ ಲಕೋಟೆಗಳಲ್ಲಿರುತ್ತವೆ. ರೋಗಿ ಪ್ರಯೋಗಕ್ಕೆ ಅರ್ಹನೆಂದು ತೀರ್ಮಾನವಾದ ಮೇಲಷ್ಟೇ ಅವನ ಲಕೋಟೆ ತೆರೆಯಬೇಕು. ವೈದ್ಯನ ಕರುಣೆಗಾಗಲಿ ಶಿಫಾರಸಿಗಾಗಲಿ ಅಲ್ಲಿ ಜಾಗವಿಲ್ಲ. 107 ರೋಗಿಗಳಲ್ಲಿ 55 ಜನರಿಗೆ ಔಷಧಿ ಮತ್ತು ಹಾಸಿಗೆಯ ವಿಶ್ರಾಂತಿ, 52 ಜನರಿಗೆ ಬರಿಯ ವಿಶ್ರಾಂತಿ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಸತ್ತವರು 4, ಎರಡನೆಯದರಲ್ಲಿ 14.

ಆಮೇಲಿನ ಎಲ್ಲ ಪ್ರಯೋಗಗಳಿಗೂ ಇದೇ ಮೇಲ್ಪಂಕ್ತಿ. ಆದರೆ ಪ್ರಬಂಧದಲ್ಲೇ ಒಂದು ಮಾತು ಯಾವ ಮುಚ್ಚುಮರೆಯೂ ಇಲ್ಲದೆ ಇದೆ: ಔಷಧಿ ಸಿಗದ ಗುಂಪಿನವರಿಗೆ ತಾವು ಒಂದು ಅಧ್ಯಯನದ ಭಾಗ ಎಂಬುದು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಗೊತ್ತಿರಲಿಲ್ಲ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಬೇರೆಯವರಿಗೂ ಔಷಧಿ ಸಾಲುತ್ತಿರಲಿಲ್ಲ, ಆದ್ದರಿಂದ ಅನ್ಯಾಯವಲ್ಲ ಎಂದು ಅಂದಿನವರು ವಾದಿಸಿದರು. ವಾದ ಸರಿಯೇ ಇರಬಹುದು. ಆದರೂ ಚೀಟಿ ಎತ್ತಿದ್ದು ಅವರ ಹೆಸರಿನಲ್ಲಿ, ಎತ್ತಿದವರು ಬೇರೆಯವರು.

ಹಿಲ್ ಬಗ್ಗೆ ಓದುತ್ತಾ ಹೋದರೆ ಇನ್ನೊಂದು ವಿಷಯ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿದ್ದ ಆತನಿಗೇ ಕ್ಷಯ ತಗುಲಿತ್ತು. ವೈದ್ಯನಾಗುವ ಆಸೆ ಅಲ್ಲಿಗೆ ಮುಗಿಯಿತು. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪದವಿಯನ್ನು ಅಂಚೆಯ ಮೂಲಕ ಓದಿ ಮುಗಿಸಿದ. ಆಧುನಿಕ ಔಷಧ ಪರೀಕ್ಷೆಯ ಅಡಿಪಾಯ ಹಾಕಿದವನು ವೈದ್ಯನಲ್ಲ, ನನ್ನ ಹಾಗೆ ದೂರಶಿಕ್ಷಣದ ವಿದ್ಯಾರ್ಥಿ! ಆ ರಾತ್ರಿ ನಿದ್ದೆಗಣ್ಣಿನಲ್ಲೂ ನನಗೆ ಸ್ವಲ್ಪ ಹೆಮ್ಮೆಯಾಯಿತು.

ಸ್ಟ್ರೆಪ್ಟೊಮೈಸಿನ್‌ನ ಗೆಲುವು ಬಹಳ ದಿನ ಬಾಳಲಿಲ್ಲ. ಒಂದೇ ಔಷಧಿಗೆ ಕ್ರಿಮಿಗಳು ಒಗ್ಗಿಕೊಂಡವು, ಕೆಲವು ವರ್ಷಗಳಲ್ಲಿ ಎರಡು ಗುಂಪಿನ ಅಂತರ ಬಹುಪಾಲು ಕರಗಿತು. ಎರಡು ಔಷಧಿಗಳನ್ನು ಒಟ್ಟಿಗೆ ಕೊಡಬೇಕು, ತಿಂಗಳುಗಟ್ಟಲೆ ಕೊಡಬೇಕು ಎಂಬ ಪಾಠ ಮುಂದಿನ ಪ್ರಯೋಗಗಳಿಂದ ಬಂತು. ಪಿ.ಎ.ಎಸ್. ಎಂಬ ಔಷಧಿ ಸೇರಿತು. 1952ರಲ್ಲಿ ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ ಬಂತು.

ಐದನೆಯ ವಾರದ ಓದಿನ ಪಟ್ಟಿ ತೆರೆದರೆ ಮೊದಲ ಸಾಲಿನಲ್ಲೇ ‘ದಕ್ಷಿಣ ಭಾರತ’ ಎಂದಿತ್ತು.

1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗ ಚಿಕಿತ್ಸೆಯ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ಕೆಲಸ; ಮುಂದಾಳು ವಾಲೇಸ್ ಫಾಕ್ಸ್. ಕೇಳಿದ ಪ್ರಶ್ನೆ ಸರಳ. ಕ್ಷಯ ಬಂದವರನ್ನು ಸ್ಯಾನಟೋರಿಯಂನಲ್ಲೇ ಇಡಬೇಕೆ, ಮನೆಯಲ್ಲಿಟ್ಟುಕೊಂಡು ಮಾತ್ರೆ ಕೊಟ್ಟರೆ ಸಾಲದೆ? ಆಗ ದೇಶದಲ್ಲಿ ರೋಗಿಗಳು ಲಕ್ಷಗಳ ಲೆಕ್ಕದಲ್ಲಿ, ಹಾಸಿಗೆಗಳು ಸಾವಿರಗಳ ಲೆಕ್ಕದಲ್ಲಿ. ನಗರದ ಬಡ, ಕಿಕ್ಕಿರಿದ ಓಣಿಗಳ 193 ರೋಗಿಗಳನ್ನು ಚೀಟಿಯ ಪ್ರಕಾರವೇ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂನ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ. ಇನ್ನೊಂದು ಗುಂಪು ತಮ್ಮದೇ ಗುಡಿಸಲಿನಲ್ಲಿ, ಹೆಂಡತಿ ಮಕ್ಕಳ ಜೊತೆ, ಸಿಕ್ಕಿದ್ದನ್ನು ಉಂಡುಕೊಂಡು. ಇಬ್ಬರಿಗೂ ವರ್ಷಪೂರ್ತಿ ಅವೇ ಎರಡು ಔಷಧಿ. ನುಂಗುತ್ತಿದ್ದಾರೋ ಇಲ್ಲವೋ ನೋಡಲು ಹೇಳದೆ ಕೇಳದೆ ಮನೆಗೆ ಹೋಗುತ್ತಿದ್ದರು, ಮೂತ್ರ ಪರೀಕ್ಷಿಸುತ್ತಿದ್ದರು.

1959ರಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ರೋಗ ಅಡಗಿದವರು ಸ್ಯಾನಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ 86. ಅಷ್ಟು ಕಳಪೆ ಊಟ, ಅಷ್ಟು ಇಕ್ಕಟ್ಟಿನ ನಡುವೆಯೂ ಅಂತರ ಅಷ್ಟೇ. ಮನೆಯಲ್ಲಿದ್ದ ರೋಗಿಯಿಂದ ಕುಟುಂಬದವರಿಗೆ ಹೆಚ್ಚು ಅಪಾಯವಾಗಲಿಲ್ಲ ಎಂಬುದೂ ಕಂಡಿತು. ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಬಾಗಿಲು ಮುಚ್ಚುವುದಕ್ಕೆ ಈ ಫಲಿತಾಂಶ ದೊಡ್ಡ ಕಾರಣವಾಯಿತು. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಗಿ, ಮದ್ರಾಸಿನ ಉತ್ತರವನ್ನು ಹಳ್ಳಿಗಳಿಗೆ ಒಯ್ಯುವ ರಾಷ್ಟ್ರೀಯ ಕಾರ್ಯಕ್ರಮವನ್ನು ರೂಪಿಸಿತು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಧ್ಯಯನಕ್ಕೆ ಹೋದ ಜಿಲ್ಲೆ ನಮ್ಮ ತುಮಕೂರು. 1963ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಹಳ್ಳಿಯ ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ತಾವಾಗಿ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧಿ.

ಇದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ನನ್ನ ತಾಯಿಯ ತಂದೆಗೆ ಕ್ಷಯ ಬಂದದ್ದು 1964ರಲ್ಲಿ. ಶಿರಾ ಕಡೆಯ ಒಂದು ಹಳ್ಳಿ, ಎರಡು ಎಕರೆ ಕಡಲೆಕಾಯಿ ಹೊಲ. ಹತ್ತಿರದ ಆಸ್ಪತ್ರೆಗೆ ಎರಡು ಸಲ ಹೋದಾಗಲೂ ಸೀಸೆಯಲ್ಲಿ ಕೆಂಪು ಔಷಧಿ ಕೊಟ್ಟು ಕಳಿಸಿದ್ದರಂತೆ. ಮೂರನೆಯ ಸಲ ಕಫದಲ್ಲಿ ರಕ್ತ ಕಂಡ ಮೇಲೆ ಪರೀಕ್ಷೆ ಮಾಡಿದರು. ಅಜ್ಜಿ ಕುರಿ ಮಾರಿ ದುಡ್ಡು ಕಟ್ಟಿಕೊಂಡು, ಮೈಸೂರಿನ ಸ್ಯಾನಟೋರಿಯಂಗೆ ಹೋಗಲು ಸಿದ್ಧಳಾಗಿದ್ದಳು. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆ ಸ್ಯಾನಟೋರಿಯಂ ಆಕೆಯ ಮಟ್ಟಿಗೆ ಕಡೆಯ ಆಸೆ. ಡಾಕ್ಟರು ಬೇಡ ಎಂದರು. ಮನೆಯಲ್ಲೇ ಇರಲಿ, ಮಾತ್ರೆ ತಪ್ಪಿಸಬೇಡ, ತಿಂಗಳಿಗೊಮ್ಮೆ ಬಂದು ತೆಗೆದುಕೊಂಡು ಹೋಗು ಎಂದರು.

‘ಬಡವರಿಗೆ ಮಂಚ ಎಲ್ಲಿಂದ ಕೊಡ್ತಾರೆ’ ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಗೌಡರ ಮನೆಯವರಾಗಿದ್ದರೆ ಕಳಿಸುತ್ತಿದ್ದರು, ನಮ್ಮನ್ನು ಮಾತ್ರೆ ಕೊಟ್ಟು ಸಾಗಹಾಕಿದರು ಎಂಬುದು ಆಕೆಯ ಕೊರಗು. ಅಜ್ಜನನ್ನು ಜಗಲಿಯ ಮೇಲೆ ಮಲಗಿಸಿ, ಬಾಗಿಲ ಹಿಂದಿನ ಗೋಡೆಯ ಮೇಲೆ ಮಾತ್ರೆ ನುಂಗಿದ ದಿನಕ್ಕೊಂದು ಇದ್ದಿಲ ಗೆರೆ ಎಳೆಯುತ್ತಿದ್ದಳು. ಅಜ್ಜ ವಾಂತಿ ಮಾಡಿಕೊಂಡು, ಬೈದುಕೊಂಡು, ನುಂಗಿದ. ವರ್ಷ ಕಳೆಯಿತು. ಅಮ್ಮ ಹುಟ್ಟಿದ್ದು 1966ರಲ್ಲಿ. ಅಜ್ಜ ಬದುಕಿದ್ದು 1994ರವರೆಗೆ.

ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು. ನಿಮ್ಮನ್ನು ಸಾಗಹಾಕಲಿಲ್ಲ ಅಜ್ಜೀ, ಅದಕ್ಕೆ ಐದು ವರ್ಷ ಮೊದಲು ಮದ್ರಾಸಿನ 193 ಜನ ನಿಮ್ಮ ಪ್ರಶ್ನೆಗೆ ಉತ್ತರ ಕಂಡುಕೊಟ್ಟಿದ್ದರು ಎಂದು ಹೇಳಬೇಕೆನಿಸಿತು. ಹೇಳಿದ್ದರೆ ಒಪ್ಪುತ್ತಿದ್ದಳೋ ಇಲ್ಲವೋ. ಒಪ್ಪದಿದ್ದರೂ ಆಕೆಯದು ಪೂರ್ತಿ ತಪ್ಪೇನಲ್ಲ. ಎಲ್ಲರಿಗೂ ಮಂಚ ಇದ್ದಿದ್ದರೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಬಡತನ ಪ್ರಶ್ನೆ ಹುಟ್ಟಿಸಿತು, ಪ್ರಯೋಗ ಉತ್ತರ ಕೊಟ್ಟಿತು. ಆ ಉತ್ತರವನ್ನು ಅಜ್ಜಿಗೆ ಯಾರೂ ಬಿಡಿಸಿ ಹೇಳಲಿಲ್ಲ ಎಂಬುದಷ್ಟೇ ಉಳಿದದ್ದು. ಎರಡು ಮಾತು ಹೇಳಿದ್ದರೆ ನಲವತ್ತು ವರ್ಷದ ಕೊರಗು ಉಳಿಯುತ್ತಿತ್ತು.

ಬಿಡಿಸಿ ಹೇಳುವುದು ಈಗ ಕಾನೂನು. ಅದೂ ಸುಮ್ಮನೆ ಬಂದದ್ದಲ್ಲ. 2009-10ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಟ್ಟ ಯೋಜನೆಯಲ್ಲಿ ಎಷ್ಟೋ ಕಡೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. ಅಲ್ಲಿನ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ಸರ್ಕಾರದ ತನಿಖಾ ಸಮಿತಿ ಹೇಳಿತಾದರೂ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. 2019ರ ಹೊಸ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದುಬರಹ ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಹೊಚ್ಚಹೊಸ ಔಷಧಿಯಾಗಿದ್ದು, ರೋಗಿ ದುರ್ಬಲ ಸ್ಥಿತಿಯಲ್ಲಿರುವವರಾದರೆ ಇಡೀ ಮಾತುಕತೆಯನ್ನು ವಿಡಿಯೋ ಮಾಡಿಡಬೇಕು.

ಅಂಥದೊಂದು ವಿಡಿಯೋ ಮಾಡುವಾಗ ನಾನು ಕೋಣೆಯಲ್ಲಿದ್ದೆ. ಯಾವ ಆಸ್ಪತ್ರೆ, ಯಾವ ಔಷಧಿ ಎಂಬುದು ಇಲ್ಲಿ ಬೇಡ. ಅರವತ್ತು ದಾಟಿದ ಒಬ್ಬ ರೈತ. ಹನ್ನೆರಡು ಪುಟದ ಕನ್ನಡ ಪತ್ರವನ್ನು ಓದಿ ಹೇಳಿದರು. ‘ತಮ್ಮನ್ನು ಯಾದೃಚ್ಛಿಕವಾಗಿ ಎರಡರಲ್ಲಿ ಒಂದು ಚಿಕಿತ್ಸಾ ಗುಂಪಿಗೆ ನಿಯೋಜಿಸಲಾಗುವುದು’ ಎಂಬ ವಾಕ್ಯ ಬಂದಾಗಲೂ ಆತ ತಲೆಯಾಡಿಸಿದರು. ಆ ವಾಕ್ಯ ಸರಿಯಾಗಿದೆ ಎಂದು ಷರಾ ಬರೆದವಳು ನಾನೇ. ಕ್ಯಾಮೆರಾ ಆರಿಸಿದ ಮೇಲೆ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಅಂದರು: ‘ತಾಯೀ, ನನಗೆ ಒಳ್ಳೇ ಔಷಧಿ ಬರೋ ಹಾಗೆ ನೋಡ್ಕಳವ್ವ.’

ಕಾಗದದ ಮಟ್ಟಿಗೆ ಎಲ್ಲ ಸರಿಯಿತ್ತು. ಸಹಿ ಇತ್ತು, ದಿನಾಂಕ ಇತ್ತು, ವಿಡಿಯೋ ಇತ್ತು. ಹಾಗೇ ಬಿಟ್ಟಿದ್ದರೆ ಯಾವ ತಪಾಸಣೆಯಲ್ಲೂ ಸಿಕ್ಕಿಬೀಳುತ್ತಿರಲಿಲ್ಲ. ನನಗೆ ನೆನಪಾದದ್ದು ಆ 52 ಜನ, ಮತ್ತು ಇದ್ದಿಲು ಹಿಡಿದ ಅಜ್ಜಿ. ವೈದ್ಯರನ್ನು ಹೊರಗೆ ಕರೆದು, ಇವರಿಗೆ ಅರ್ಥವಾಗಿಲ್ಲ ಸಾರ್ ಎಂದೆ. ಆಗಲೇ ಮಧ್ಯಾಹ್ನದ ಊಟ ತಪ್ಪಿಸಿಕೊಂಡಿದ್ದ ಅವರು ಒಂದು ಕ್ಷಣ ನನ್ನನ್ನೇ ನೋಡಿ ಮತ್ತೆ ಕೋಣೆಗೆ ಬಂದರು. ಪುನಃ ಕ್ಯಾಮೆರಾ ಹಚ್ಚಿದೆವು. ವೈದ್ಯರು ಪುಟ ಬದಿಗಿಟ್ಟು, ‘ಚೀಟಿ ಎತ್ತಿದ ಹಾಗೆ. ಯಾರಿಗೆ ಹೊಸದು, ಯಾರಿಗೆ ಹಳೇದು ಅಂತ ನಾನೂ ಹೇಳೋ ಹಾಗಿಲ್ಲ, ಈಯಮ್ಮನೂ ಹೇಳೋ ಹಾಗಿಲ್ಲ. ಹೊಸದು ಒಳ್ಳೇದೋ ಅಲ್ಲವೋ ನಮಗೇ ಗೊತ್ತಿಲ್ಲ, ಅದಕ್ಕೇ ಈ ಪರೀಕ್ಷೆ’ ಎಂದರು.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓ, ಚೀಟಿ ವ್ಯವಹಾರ’ ಎಂದು ನಕ್ಕರು. ಆಮೇಲೆ ಕೇಳಿದರು: ‘ಹೊಸದು ಬರದೇ ಇದ್ದೋರಿಗೆ ಏನು ಕೊಡ್ತೀರಿ?’

ಈಗ ಊರಲ್ಲೆಲ್ಲ ಕೊಡುತ್ತಿರುವ ಔಷಧಿಯನ್ನೇ ಕೊಡುತ್ತೇವೆ, ಬರಿಗೈಯಲ್ಲಿ ಬಿಡುವುದಿಲ್ಲ ಎಂದು ವೈದ್ಯರು ಹೇಳಿದರು. ಮನೆಯಲ್ಲಿ ಹೆಂಡತಿಯನ್ನು ಕೇಳಿ ಬರುತ್ತೇನೆ ಎಂದು ಆತ ಹೊರಟರು. ಎರಡು ದಿನ ಬಿಟ್ಟು ಹೆಂಡತಿಯನ್ನು ಕರೆದುಕೊಂಡೇ ಬಂದು ಸಹಿ ಹಾಕಿದರು. ಅವರಿಗೆ ಯಾವ ಚೀಟಿ ಬಂತೋ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು.

ಮುಂದಿನ ವರ್ಷ ನಾನು ಪದವಿಗಾಗಿ ಒಂದು ಸಣ್ಣ ಪ್ರಬಂಧ ಬರೆಯಬೇಕು. ವಿಷಯ ಕಳಿಸಿ ಎಂದು ಪ್ರಾಧ್ಯಾಪಕರು ಕೇಳಿದ್ದಾರೆ. ಒಪ್ಪಿಗೆ ಪತ್ರಗಳ ಕನ್ನಡ ಎಂದು ಬರೆದು ಕಳಿಸಿದ್ದೇನೆ. ಅವರಿಗೆ ಕನ್ನಡ ಬಾರದು, ಹೇಗೆ ತಿದ್ದುತ್ತಾರೋ ನೋಡಬೇಕು. ಆಫೀಸಿನಲ್ಲಂತೂ ಆ ವಾಕ್ಯವನ್ನು ಬದಲಿಸಿ, ‘ಚೀಟಿ ಎತ್ತಿದಂತೆ’ ಎಂಬ ಮಾತು ಸೇರಿಸಲು ನೈತಿಕ ಸಮಿತಿಗೆ ಕಳಿಸಿದ್ದೇವೆ. ಇದು ಆಡುಮಾತಾಯಿತು, ಗಂಭೀರವಾಗಿಲ್ಲ ಎಂದು ಒಬ್ಬರು ಆಕ್ಷೇಪಿಸಿದ್ದಾರಂತೆ. ಮುಂದಿನ ಸಭೆ ಮಂಗಳವಾರ.